ತಲೆಕೆಳಗಿನ ಮೊಳೆ

ಮೂರನೇ ಸಲವೂ ಹಾಗೇ.
ಪ್ರಿಂಟು ಒತ್ತಿದೆ, ಪರದೆ ಒಂದು ಗಳಿಗೆ ಬಿಳಿಚಿಕೊಂಡಿತು,
ಆಮೇಲೆ ಬ್ರೌಸರಿಗೆ ಬ್ರೌಸರೇ ಮಾಯ.
ಹಿಂದೆ ಅರ್ಧ ಮುಗಿದ ಮದುವೆ ಕಾರ್ಡಿನ ಗಣಪತಿ
ಸೊಂಡಿಲೆತ್ತಿ ನಗುತ್ತಿದ್ದ.

ನೂರಡಿ ರಸ್ತೆಯಲ್ಲಿ ಕಬ್ಬಿನ ಲಾರಿ ಹೋದಾಗೆಲ್ಲ
ಅಂಗಡಿಯ ಶಟರು ಗದಗುಟ್ಟುತ್ತದೆ.
"ಕರೆಂಟಾ ಸಾ?" ಎಂದಳು ಹುಡುಗಿಯ ತಾಯಿ.
ಕರೆಂಟಲ್ಲ. ಫ್ಯಾನು ತಿರುಗುತ್ತಿದೆ.
ಐದಕ್ಕೆ ನರ್ಸಿಂಗ್ ಕಾಲೇಜಿನ ಕಿಟಕಿ ಮುಚ್ಚುತ್ತದೆ,
ಈಗ ನಾಲ್ಕೂ ಹತ್ತು.
ಜಾತಿ-ಆದಾಯದ ಸರ್ಟಿಫಿಕೇಟು, ಒಂದೇ ಹಾಳೆ,
ಅದಕ್ಕೆ ಇಷ್ಟು ರಾದ್ಧಾಂತ.

ತನ್ವೀರ ಗೊತ್ತಿದ್ದ ಮದ್ದೆಲ್ಲ ಅರೆದ:
ಆಫ್ ಮಾಡಿ ಆನ್ ಮಾಡಿದ,
ಡ್ರೈವರು ಕಿತ್ತು ಮತ್ತೆ ನೆಟ್ಟ,
ಕೇಬಲ್ಲಿನ ಬಾಯಿಗೆ ಉಫ್ ಎಂದು ಊದಿದ.
ದೃಷ್ಟಿ ತೆಗೆಯುವುದೊಂದು ಬಾಕಿ.
ನಡುವೆ ಬಂದ ಕೀಲಾರದವರೊಬ್ಬರ ಪಹಣಿ
ಅದೇ ಬ್ರೌಸರಿನಿಂದ, ಅದೇ ಪ್ರಿಂಟರಿನಿಂದ
ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಬಂತು.
ಹುಡುಗಿ ಉಗುರು ಕಚ್ಚುವುದನ್ನು ನಿಲ್ಲಿಸಿ ನೋಡಿದಳು.
"ನಂದು ಮಾತ್ರ ಯಾಕೆ ಅಂಕಲ್?"

ಒಳ್ಳೆಯ ಪ್ರಶ್ನೆ.
ಗುಂಡಾಚಾರ್ರ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವಾಗ
ನಾನು ಕಲಿತದ್ದೂ ಇಷ್ಟೇ:
ಯಂತ್ರವನ್ನು ಬಯ್ಯಬೇಡ,
ಹಾಳೆ ಎಲ್ಲಿ ಹರಿಯಿತೋ ಅಲ್ಲಿ ಬೆರಳಿಡು.

ತನ್ವೀರನನ್ನು ಏಳಿಸಿ ಕುಳಿತೆ.
ಪುಟದ ಕೆಳಗಿನರ್ಧ ಮಾತ್ರ ಆಯ್ದು ಒತ್ತಿದೆ: ಬಂತು,
ತಹಶೀಲ್ದಾರರ ಸಹಿ ಸಮೇತ.
ಮೇಲರ್ಧ: ಗಣಪತಿ.
ಅದನ್ನು ಮತ್ತೆ ಎರಡು ಮಾಡಿದೆ, ಮತ್ತೆ ಎರಡು,
ಕೆಂಪು ಕೊಳೆ ಎಲ್ಲಿಂದ ಶುರುವಾಯಿತೆಂದು
ಕಬ್ಬಿನ ಜಲ್ಲೆಯನ್ನು ಗೆಣ್ಣು ಗೆಣ್ಣಿಗೆ ಮುರಿದು ನೋಡುವ ಹಾಗೆ.
ಅರ್ಜಿ ಸಂಖ್ಯೆ ಬಂತು. ತಂದೆಯ ಹೆಸರು ಬಂತು.
ಉಳಿದದ್ದು ಒಂದು ಪದ.

ಜ್ಯೋತ್ಸ್ನಾ.

ಒತ್ತಿದೆ. ಗಣಪತಿ.

"ಅಷ್ಟೇಯಾ?" ಎಂದಳು ತಾಯಿ,
"ಮೇಷ್ಟ್ರು ಬರ್ಕೊಂಡಿದ್ದು ಸಾ, ಸ್ಕೂಲಿಗೆ ಸೇರ್ಸುವಾಗ.
ನಾವ್ ಕರ್ಯದು ಜೋಸ್ನ ಅಂತ.
ಅಂಗೇ ಹಾಕ್ಬುಡಿ, ಯಾರ್ ಕೇಳಾರು?"

ಕೇಳುತ್ತಾರೆ ತಾಯಿ. ಒಂದು ಒತ್ತು ಉದುರಿದರೆ
ಈ ಮಗಳೇ ಬೇರೆ ಅನ್ನುತ್ತಾರೆ.

ತಕಾರದ ಕಾಲಿಗೆ ಸಕಾರ, ಅದರ ಕಾಲಿಗೆ ನಕಾರ,
ಬಾವಿಗಿಳಿಯುವ ಮೆಟ್ಟಿಲಿನಂತೆ.
ಫಾಂಟುಗಳ ಗೂಡು ತೆರೆದೆ. ಕೂತಿತ್ತು ಅಲ್ಲಿ
ಮದುವೆ ಕಾರ್ಡಿಗೆಂದು ಯಾರದೋ ಸೀಡಿಯಿಂದ
ನಾನೇ ತಂದು ಸಾಕಿದ ಬಳುಕು ಅಕ್ಷರ.
ಎಷ್ಟು ಚಿ||ಸೌ||ಗಳಿಗೆ ಅರಿಶಿನ ಹಚ್ಚಿತ್ತೋ.
ಪರದೆಯ ಮೇಲೆ ಬೇರೆ ಅಕ್ಷರ,
ಕಾಗದಕ್ಕೆ ಇಳಿಯುವಾಗ ಮಾತ್ರ ಇದು.
ಇದರ ಬಾವಿಗೆ ಎರಡೇ ಮೆಟ್ಟಿಲು.
ಮೂರನೆಯದು ಇದೆಯೆಂದು ನಂಬಿ
ಬ್ರೌಸರು ಕಾಲಿಟ್ಟಿತು.

ಪ್ರೆಸ್ಸಿನಲ್ಲಿ ಮೊಳೆ ಸಾಲದೆ ಹೋದರೆ
ಇನ್ನಾವುದೋ ಮೊಳೆಯನ್ನು ತಲೆಕೆಳಗು ನಿಲ್ಲಿಸುತ್ತಿದ್ದೆವು.
ಪ್ರೂಫಿನಲ್ಲಿ ಕಪ್ಪು ಚೌಕ ಮೂಡುತ್ತಿತ್ತು:
ಇಲ್ಲೊಂದು ಅಕ್ಷರ ಬರಬೇಕು, ಕಾಯಿರಿ.
ಇಲ್ಲ ಎನ್ನುವುದಕ್ಕೂ ಒಂದು ಗುರುತಿತ್ತು.
ಈ ಯಂತ್ರಕ್ಕೆ ಇಲ್ಲ ಎನ್ನಲು ಬಾರದು,
ಬಾಗಿಲು ಹಾಕಿಕೊಂಡು ಹೋಗಿಬಿಡುತ್ತದೆ.

ಫಾಂಟು ಅಳಿಸಿದೆ.
ನಿಜವಾಗಿಯೂ ಅಳಿಸಲೇ ಎಂದಿತು. ಹೂಂ ಅಂದೆ.
ಒತ್ತಿದೆ.
ಪ್ರಿಂಟರು ಗಂಟಲು ಸರಿಮಾಡಿಕೊಂಡಿತು.

ಹಾಳೆ ಇನ್ನೂ ಬಿಸಿ ಇತ್ತು.
ಹುಡುಗಿ ತನ್ನ ಹೆಸರಿನ ಮೇಲೆ, ಆ ಕೊನೆಯ ಒತ್ತಿನ ಮೇಲೆ,
ಹೆಬ್ಬೆರಳು ಒತ್ತಿ ನೋಡಿದಳು.
ನಾಲ್ಕೂ ಮೂವತ್ತೆಂಟು.
ತಾಯಿ ಇಪ್ಪತ್ತರ ನೋಟು ಇಟ್ಟು, ಚಿಲ್ಲರೆ ಬೇಡವೆಂದು
ಆಟೋ ಹಿಡಿಯಲು ಓಡಿದಳು. ಅಲ್ಲಿಂದಲೇ ಕೂಗಿದಳು,
ಒಂದೂ ಒತ್ತು ಉಳಿಸದೆ:
"ಜೋಸ್ನಾ, ಬಿರ್‍ನೆ ಬಾರವ್ವ!"

ತಿರುಗಿ ನೋಡಿದರೆ ಮದುವೆ ಕಾರ್ಡು.
ಗಣಪತಿ ಹಾಗೇ ಇದ್ದಾನೆ. ಅವನ ಕೆಳಗೆ
ವಧು, ವರ, ಮುಹೂರ್ತ, ಕಲ್ಯಾಣಮಂಟಪ
ಸಾಲು ಸಾಲು ಖಾಲಿ ಚೌಕ.

ಅರೆ, ಇದಕ್ಕೂ ಗೊತ್ತಿದೆಯಲ್ಲ.

ತನ್ವೀರ ತಲೆ ಕೆರೆದುಕೊಂಡ:
"ನಾಳೆ ಬೆಳಿಗ್ಗೆ ಕೊಡ್ಬೇಕು, ಮುನ್ನೂರು ಕಾರ್ಡು."