ನಾಲ್ಕನೇ ಪಿನ್ನು

ದೋನಾ ಪೌಲಾದ ಹೋಟೆಲಿನ ಎರಡನೇ ಮಹಡಿ.
ಕಿಟಕಿಯಾಚೆ ಜುವಾರಿ, ಅದಿರಿನ ಬಾರ್ಜು.
ಒಳಗೆ ಚಳಿ. ನಾನು ನಡಾವಳಿ ಬರೆಯುವವಳು,
ದಿನಕ್ಕಿಷ್ಟು ಅಂತ, ಊಟ ಸೇರಿ.

ಮೇಜಿನ ಮೇಲೆ ಹನ್ನೊಂದು ಪುಟ್ಟ ಬಾವುಟ.
ಕೋಣೆಯ ಕೀಲಿ ಹಂಚಿದ್ದೂ ನಾನೇ, ಹಾಗಾಗಿ ಗೊತ್ತು:
ಆರು ದೇಶದವರ ಬಿಲ್ಲು ಒಂದೇ ವಿಳಾಸಕ್ಕೆ.
ಬಾವುಟ ಬೇರೆ, ಪಗಾರ ಒಂದೇ.
ಕೆಟ್ಟವರೇನಲ್ಲ. ಒಬ್ಬರು ನನ್ನ ಮಗಳ ಪರೀಕ್ಷೆ
ಹೇಗಾಯಿತೆಂದು ಮರೆಯದೆ ಕೇಳಿದರು.

ವಿಷಯ: ಬ್ಯಾಟರಿ ರಿಕ್ಷಾದ ಚಾರ್ಜಿಂಗ್ ಪ್ಲಗ್ಗು.
ಅದಕ್ಕೆ ಪಿನ್ನು ಮೂರೋ ನಾಲ್ಕೋ.
ನಾಲ್ಕನೆಯದು ಕರೆಂಟು ಒಯ್ಯುವುದಿಲ್ಲ,
ಮಾತಾಡುತ್ತದಂತೆ: ಗಾಡಿ ಯಾರದು, ಬ್ಯಾಟರಿ ಯಾರದು.
ಅದರ ಭಾಷೆಗೊಂದು ಪೇಟೆಂಟು.
ಪ್ಲಗ್ಗಿಗೆ ಇಷ್ಟು ಅಂತ ಸುಂಕ.

ಬೆಳಗಿನ ಕರಡು, ಪರಿಚ್ಛೇದ ಏಳು:
ಬಿಸಿ ತಡೆಯುವ ಪರೀಕ್ಷೆ ಮಾಡತಕ್ಕದ್ದು.
ನಾಲ್ಕನೇ ಪಿನ್ನು ಇರಬಹುದು.
ಊಟಕ್ಕೆ ಎದ್ದರು. ಇಸವಣದ ತವಾ ಫ್ರೈ, ಸೋಲ್‌ಕಡಿ.
ಮುಳ್ಳನ್ನು ತಟ್ಟೆಯಂಚಿಗೆ ಸರಿಸುತ್ತ
ನಾಲ್ವರು ಮೂಲೆಯಲ್ಲಿ ಮೆಲ್ಲಗೆ ಮಾತಾಡಿದರು.
ಮಧ್ಯಾಹ್ನದ ಕರಡಿನಲ್ಲಿ
ತಕ್ಕದ್ದೂ ಬಹುದೂ ಕುರ್ಚಿ ಬದಲಿಸಿ ಕೂತಿದ್ದವು.
ಪರೀಕ್ಷೆ ಮಾಡಬಹುದು.
ಪಿನ್ನು ಇರತಕ್ಕದ್ದು.
ಉಳಿದ ನಲವತ್ತೆರಡು ಪುಟ ಇದ್ದ ಹಾಗೇ.
ಟೈಪು ಮಾಡಿದ್ದು ನಾನು. ಒಂದು ನಿಮಿಷವೂ ಹಿಡಿಯಲಿಲ್ಲ.

ಆಗ ಕೊನೆಯ ಸಾಲಿನಿಂದ ಎದ್ದವರು ಈರಣ್ಣ ಕಂಚಗಾರ.
ಭೋಸರಿಯಲ್ಲಿ ಹನ್ನೆರಡು ಜನರ ವರ್ಕ್‌ಶಾಪು,
ಹಿತ್ತಾಳೆ ಪಿನ್ನು ಕಡೆಯುವ ಮೂರು ಲೇಥು.
ಪುಣೆಯಿಂದ ರಾತ್ರಿ ಬಸ್ಸು, ಇಸ್ತ್ರಿ ಕಳೆದ ಅಂಗಿ,
ಕೊರಳಿನ ಚೀಟಿಯಲ್ಲಿ: ವೀಕ್ಷಕರು. ಮತವಿಲ್ಲ.
ಹಿಂದಿನ ಹತ್ತು ಸಭೆ ಜಿನೀವಾ, ಸೋಲ್, ಇನ್ನೆಲ್ಲೋ,
ಬಸ್ಸು ಹೋಗದ ಊರುಗಳು.
ಲಂಚವಿರಲಿಲ್ಲ, ಜೋರು ದನಿಯೂ ಇರಲಿಲ್ಲ.
ಕಾಸಿದ್ದವರು ಬಂದರು,
ಬಂದವರು ಬರೆದರು.

ಮರಾಠಿ ಪೇಪರಿನ ಪೊಟ್ಟಣ ಬಿಚ್ಚಿ
ಮೇಜಿನ ಮೇಲೆ ಇಟ್ಟರು, ಬಾವುಟಗಳ ನಡುವೆ:
ಕರಗಿದ ಪ್ಲಗ್ಗು,
ಕೆಂಡದಲ್ಲಿ ಸುಟ್ಟು ಸಿಪ್ಪೆ ಸುಲಿಯದ ಬದನೆಕಾಯಿ.
ಹಡಪ್ಸರದ ಚಾಳು, ನಸುಕಿನ ನಾಲ್ಕು ಗಂಟೆ,
ರಿಕ್ಷಾದ ಹಿಂದಿನ ಸೀಟಿನಲ್ಲಿ ಮಲಗಿದ್ದ ಹುಡುಗ.
ಬರುವಷ್ಟು ಇಂಗ್ಲಿಷು, ಉಳಿದದ್ದು ಹಿಂದಿ.
ಸುಂಕದವನ ಮುಂದೆ ಸುಖದುಃಖ.
ಅಧ್ಯಕ್ಷರು ಎದೆಯ ಮೇಲೆ ಕೈಯಿಟ್ಟು ಧನ್ಯವಾದ ಹೇಳಿದರು.
ನಾನು ಬರೆದೆ: ಗಮನಿಸಲಾಗಿದೆ.
ಪರ ಎಂಟು, ತಟಸ್ಥ ಮೂರು, ವಿರುದ್ಧ ಯಾರೂ ಇಲ್ಲ.
ವೇಟರ್ ಹುಡುಗ ಚಹಾದ ಕಪ್ಪುಗಳ ಜೊತೆ
ಅದನ್ನೂ ಎತ್ತಿಕೊಂಡು ಹೋದ.

ಅಡುಗೆಮನೆಯ ಬುಟ್ಟಿಯಿಂದ ಹುಡುಕಿ ತೆಗೆದು
ಪಣಜಿಯ ಕದಂಬ ಸ್ಟ್ಯಾಂಡಿಗೆ ಸ್ಕೂಟರ್ ಓಡಿಸಿದೆ.
ನಿಂತೇ ಪಾವ್ ಭಾಜಿ ತಿನ್ನುತ್ತಿದ್ದರು.
ಸರ್, ಇದನ್ನ ಬಿಟ್ಟು ಬಂದಿದ್ರಿ, ಅಂದೆ ಕನ್ನಡದಲ್ಲಿ.
ಅವರ ಕೈ ಬಾಯಿಯ ಹತ್ತಿರ ನಿಂತಿತು.
"ಯಾವೂರವ್ವಾ ನಿಂದು?"
ಅಂಕೋಲಾ.
"ಮತ್ತ ಇಡೀ ದಿನ ಅಲ್ಲೇ ಇದ್ದೆಲ್ಲ."
ಬೈಗುಳವೋ, ನೆಂಟಸ್ತನವೋ, ತಿಳಿಯಲಿಲ್ಲ.
ಬಸ್ಸು ಬಂತು. ಪ್ಲಗ್ಗನ್ನು ನನ್ನ ಕಡೆಗೇ ತಳ್ಳಿದರು:
"ಇಟ್ಕೋ. ನನ್ ಕಡೆ ಇನ್ನ ಹದಿನೇಳ ಅದಾವ."

ಮರುದಿನ ಒಂಬತ್ತಕ್ಕೆ ನಡಾವಳಿ ಓದಿದೆ.
ತೊಡೆಯ ಮೇಲಿನ ಚೀಲದಿಂದ ಸುಟ್ಟ ವಾಸನೆ.
ಪಕ್ಕದವರು ಮೂಗು ಎತ್ತಿ ಏಸಿಯ ಕಡೆ ನೋಡಿದರು.
ತಿದ್ದುಪಡಿ ಏನಾದರೂ? ಅಧ್ಯಕ್ಷರು ಕೇಳಿದರು.
ಯಾರೂ ಕೈ ಎತ್ತಲಿಲ್ಲ.
ನನ್ನ ಎರಡೂ ಕೈ
ಕೀಲಿಮಣೆಯ ಮೇಲಿದ್ದವು.