ಲೈನಿನಲ್ಲೇ ಇರಿ

ಹಡಗು ಬಲ್ಲಾರ್ಡ್ ಪಿಯರಿನಿಂದ, ಶನಿವಾರ ಸಂಜೆ ನಾಲ್ಕಕ್ಕೆ.
ಇವತ್ತು ಸೋಮವಾರ. ಭಾಂಡುಪಿನಲ್ಲಿ ನನ್ನ ಊಟದ ಮೇಜಿನ ಮೇಲೆ
ಮೂರು ಪಾಸ್‌ಪೋರ್ಟು, ಒಂದು ಲ್ಯಾಪ್‌ಟಾಪು,
ಫ್ರೇನಿ ತಂದ ಮಾವಾ ಕೇಕು, ಕುಸುಮಳ ಎರಡು ಕನ್ನಡಕ:
ಒಂದು ಹತ್ತಿರಕ್ಕೆ, ಒಂದು ದೂರಕ್ಕೆ.
ಅರ್ಜಿ ಮಾತ್ರ ಎರಡರ ನಡುವೆ ಎಲ್ಲೋ ನಿಂತು ಮಸುಕು.

ಕೊಲಂಬೊದಲ್ಲಿ ಒಂಬತ್ತು ತಾಸು, ಸೆಶೆಲ್ಸಿನಲ್ಲಿ ಒಂದು ಹಗಲು,
ಮೊಂಬಾಸಾದಲ್ಲಿ ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ.
ಇಷ್ಟಕ್ಕೇ ಮೂರು ದೇಶಗಳ ಅಪ್ಪಣೆ ಬೇಕು.
ಸಾಲಿಲ್ಲ, ಸ್ಟಾಂಪಿಲ್ಲ, ಕಿಟಕಿಯಾಚೆ ಗದರುವ ಗುಮಾಸ್ತನಿಲ್ಲ.
ಗದರುವವನಿದ್ದರೆ ಕೊನೆಗೆ ಕರಗಿಸಬಹುದಿತ್ತು.

ಮೊದಲು ಹೆಸರು. ಸುಲಭ ಅಂದುಕೊಂಡೆ.
ಪಾಸ್‌ಪೋರ್ಟಿನಲ್ಲಿ ನಾನು ಎಕ್ಸ್ ಇರುವ ಜಲಜಾಕ್ಷಿ,
ಬ್ಯಾಂಕಿನ ಕಾರ್ಡಿನಲ್ಲಿ ಕೆ, ಎಸ್, ಎಚ್.
ಅಕ್ಷಿ ಅವೇ ಎರಡು, ಬರೆದ ಕೈ ಬೇರೆ
ಅಂತ ಯಾರಿಗೆ ಹೇಳಲಿ, ಪರದೆ ಕೆಂಪಾಗುತ್ತದೆ.

ಫೋಟೊದಲ್ಲಿ ನಗಬಾರದು, ನೆರಳು ಬೀಳಬಾರದು, ಹಿಂದೆ ಬಿಳಿ ಇರಬೇಕು.
ಫ್ರಿಜ್ಜಿನ ಬಾಗಿಲಿಗೆ ಒರಗಿ ನಿಂತೆ.
ಗಂಭೀರವಾಗು, ಅಂದಳು ಫ್ರೇನಿ. ಅಷ್ಟು ಸಾಕಿತ್ತು,
ಮೂವರೂ ನಕ್ಕು ನಕ್ಕು ಐದು ಫೋಟೊ ಹಾಳು.

ಅವಿವಾಹಿತೆ ಎಂದು ಒತ್ತಿದೆ. ಒಂದು ಟಕ್.
ನಮ್ಮ ಮನೆಯಲ್ಲಿ ಈ ಮಾತು ತೀರ್ಮಾನವಾಗಲು
ಹದಿನಾಲ್ಕು ವರ್ಷ, ಇಬ್ಬರು ಸೋದರಮಾವಂದಿರು ಬೇಕಾಗಿತ್ತು.

ಯಾವುದಾದರೂ ದೇಶ ನಿಮ್ಮನ್ನು ಹೊರಹಾಕಿದೆಯೇ?
ಒಳಗೆ ಬಿಟ್ಟಿದ್ದರೆ ತಾನೇ.
ಬೇರೆಯವರ ಹೆಸರಿನಲ್ಲಿ ಪಯಣಿಸಿದ್ದೀರಾ? ಕುಸುಮ ಬೆವರುತ್ತಾಳೆ:
ಎಪ್ಪತ್ತೆಂಟರಲ್ಲಿ, ಅಕ್ಕನ ಪಾಸಿನಲ್ಲಿ, ದಾದರಿನವರೆಗೆ...
ಸುಮ್ಮನಿರು ಅಂದೆವು ಇಬ್ಬರೂ.

ಈ ಹಿಂದೆ ಈ ದೇಶಕ್ಕೆ ಬಂದಿದ್ದೀರಾ?
ಇಲ್ಲಿ ಬೆರಳು ನಿಂತಿತು.

ಫೋರ್ಟಿನ ಎಕ್ಸ್‌ಚೇಂಜು, ರಾತ್ರಿಪಾಳಿ,
ಸಾಲಾಗಿ ಹನ್ನೊಂದು ಹುಡುಗಿಯರು, ತಲೆಗೆ ಹೆಡ್‌ಸೆಟ್ಟು,
ಕೈಯಲ್ಲಿ ಹಿತ್ತಾಳೆ ಮೂತಿಯ ತಂತಿ.
ನೈರೋಬಿ ಹಿಡಿದು, ನೈರೋಬಿಯಿಂದ ಮೊಂಬಾಸಾ.
ಲವಂಗದ ದರ, ಹೆರಿಗೆ, ಮುಳುಗಿದ ಸರಕು, ಬರಿಯ ಬಿಕ್ಕಳಿಕೆ.
ಆ ಕಡೆಯ ಆಪರೇಟರಿನ ಹೆಸರು ಮ್ವಾನಾಜುಮಾ.
ಲೈನು ಖಾಲಿ ಇದ್ದ ಅರ್ಧರ್ಧ ನಿಮಿಷಗಳಲ್ಲಿ
ನಿಮ್ಮಲ್ಲಿ ಮಳೆಯಾ, ಇಲ್ಲೂ ಮಳೆ. ಇಷ್ಟೇ ನಮ್ಮ ಗೆಳೆತನ,
ಏಳು ವರ್ಷ.
ಆಮೇಲೆ ಐಎಸ್‌ಡಿ ಬಂತು, ಜನ ತಾವೇ ನಂಬರು ತಿರುಗಿಸಿಕೊಂಡರು.
ಬರುತ್ತೇನೆ ಕಣೇ ಅನ್ನಲೂ ನಮಗೆ ಲೈನು ಸಿಗಲಿಲ್ಲ.

ಹೌದು ಅನ್ನೋಣವೆಂದರೆ ದಿನಾಂಕ ಕೇಳುತ್ತದೆ,
ಎಷ್ಟು ದಿನ ತಂಗಿದ್ದಿರಿ ಅನ್ನುತ್ತದೆ.
ಮೂರು ಮೂರು ನಿಮಿಷ.
ಇಲ್ಲ ಎಂದು ಒತ್ತಿದೆ.

ಅಷ್ಟರಲ್ಲಿ ಪರದೆಯ ನಡುವೆ ಒಂದು ಪೆಟ್ಟಿಗೆ:
ನಿಮ್ಮ ಸಮಯ ಮುಗಿಯುತ್ತಿದೆ, ಮುಂದುವರಿಸುವಿರಾ?
ಒಬ್ಬರ ಮುಖ ಒಬ್ಬರು ನೋಡಿದೆವು. ಅದು ನಮ್ಮ ಮಾತು!
ಎಷ್ಟು ಗಂಡಂದಿರ, ಎಷ್ಟು ದಲ್ಲಾಳಿಗಳ ನಡುಮಾತಿಗೆ
ನಾವು ಹೀಗೇ ತಲೆ ಹಾಕಿದ್ದೆವು, ಇಷ್ಟೇ ತಣ್ಣಗೆ.

ಬುಧವಾರ ನನ್ನದು ಬಂತು, ಫ್ರೇನಿಯದು ಬಂತು.
ಕುಸುಮಳದು ಪರಿಶೀಲನೆಯಲ್ಲಿದೆ.
ಗುರುವಾರವೂ ಪರಿಶೀಲನೆಯಲ್ಲಿದೆ.
ಡೆಕ್ಕಿಗೆಂದು ಕೊಂಡ ಅಗಲ ಅಂಚಿನ ಟೊಪ್ಪಿ ನನ್ನ ಮೇಜಿನ ಮೇಲಿಟ್ಟು
ದಾದರಿನ ಪಾಸೇ ಕಾರಣ ಅನ್ನುತ್ತಾಳೆ.

ಸಹಾಯವಾಣಿಗೆ ಫೋನು ಹಚ್ಚಿದೆ. ಸಂಗೀತ. ಮತ್ತೆ ಅದೇ ಸಂಗೀತ.
ನಲವತ್ತು ನಿಮಿಷ. ಬೆನ್ನು ತಾನಾಗಿ ನೆಟ್ಟಗಾಗಿತ್ತು,
ಎಡಗೈ ಮೇಜಿನಂಚಿನಲ್ಲಿ ತಂತಿ ಹುಡುಕುತ್ತಿತ್ತು.
ಕೊನೆಗೊಬ್ಬ ಹುಡುಗಿ, ಸಮುದ್ರದಾಚೆ, ಗಂಟಲು ಒಣಗಿದವಳು:
ದಯವಿಟ್ಟು ಲೈನಿನಲ್ಲೇ ಇರಿ, ಮೇಡಂ.

ಇರುತ್ತೇನಮ್ಮಾ, ಅಂದೆ. ಮೊದಲು ನೀರು ಕುಡಿ.
ಆಮೇಲೆ, ಬೇಡ ಬೇಡ ಅಂತ ಫ್ರೇನಿ ಕೈ ಆಡಿಸುತ್ತಿದ್ದರೂ, ಕೇಳಿದೆ:
ನಿಮ್ಮಲ್ಲಿ ಮಳೆಯಾ?