ಮೂರು ನಲವತ್ತರ ಉಬ್ಬು

ನನ್ನ ಕಡಲು ಒಂದೇ ಸಾಲು:
ನೀರಿನ ಉಷ್ಣತೆ, ಮೂವತ್ತೆರಡು.
ತೆರೆ ಇಲ್ಲ. ಉಪ್ಪಿದೆ,
ಅದೂ ಸಾವಿರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ.
ಕಾರವಾರಕ್ಕೂ ಹೋದವಳಲ್ಲ ನಾನು.
ಗೋಕುಲ ರಸ್ತೆಯ ಈ ಎರಡನೇ ಮಹಡಿಯಲ್ಲಿ
ಕೆಳಗೆ ಲೇತ್ ಮಷೀನು ಕಿರುಗುಡುವಾಗ
ಯಾವುದೋ ಹಡಗಿನ ಮೀನುಕೋಣೆಯನ್ನು
ಮೈನಸ್ ಹದಿನೆಂಟರಲ್ಲಿ ಇಟ್ಟಿರುತ್ತೇನೆ.
ತಲೆಯ ಮೇಲಿನ ಫ್ಯಾನು
ಹುಬ್ಬಳ್ಳಿಯ ಏಪ್ರಿಲ್ಲನ್ನೇ ಮಗುಚಿ ಮಗುಚಿ ಹಾಕುತ್ತದೆ.

ಮೊಸರಿನ ಗಡಿಗೆ ಹೊತ್ತವಳಂತೆ ಅನಿಲ
ಒಂದು ಓಣಿಯಲ್ಲಿ ಬಿಸಿ ತುಂಬಿಕೊಂಡು
ಇನ್ನೊಂದು ಓಣಿಯಲ್ಲಿ ಸುರಿದು
ಖಾಲಿ ಗಡಿಗೆಯೊಂದಿಗೆ ಮರಳುತ್ತದೆ.
ಅಷ್ಟೇ ವಿದ್ಯೆ.
ಸಮೀಕರಣಗಳೆಲ್ಲ ಸರಿ.
ಆದರೆ ಹಡಗಿನಿಂದ ಬಂದ ದಾಖಲೆಯಲ್ಲಿ
ದಿನಾ ಮಧ್ಯಾಹ್ನ ಮೂರು ನಲವತ್ತಕ್ಕೆ
ಗೆರೆ ಒಮ್ಮೆ ಉಬ್ಬುತ್ತದೆ,
ಚಾದರದಡಿ ಯಾರೋ ಮೊಣಕಾಲು ಎತ್ತಿದಂತೆ.

ಹನ್ನೊಂದು ದಿನ ಹುಡುಕಿದೆ.
ಗೋಡೆಯ ಫೋಮು ದಪ್ಪ ಮಾಡಿದೆ, ತೆಳ್ಳಗೆ ಮಾಡಿದೆ,
ಡೆಕ್ಕಿನ ಮೇಲಿನ ಬಿಸಿಲನ್ನು ಅರ್ಧ ತಾಸು ಸರಿಸಿದೆ,
ಹಿಮ ಕರಗಿಸುವ ಹೀಟರಿನ ಮೇಲೆ ಸುಮ್ಮನೆ ಸಂಶಯಪಟ್ಟೆ.
ನನ್ನ ಗೆರೆ ಮಾತ್ರ ಸತ್ತವರ ಹಾಗೆ ನೆಟ್ಟಗೆ.

ಆಫೀಸಿನ ಫ್ರಿಜ್ಜು ಕೆಟ್ಟಿತ್ತು.
ರಿಪೇರಿಗೆ ಬಂದವರು ಇಮಾಮಹುಸೇನ ನದಾಫ,
ದುರ್ಗದಬೈಲಿನ ಐಸ್‌ಕ್ರೀಮ್ ಗಾಡಿಗಳಿಗೆಲ್ಲ ಡಾಕ್ಟರು,
ಅದಕ್ಕೂ ಮೊದಲು ಹದಿನಾರು ವರ್ಷ ಹಡಗಿನಲ್ಲಿ.
ಸ್ಕ್ರೂಡ್ರೈವರ್ ಬಾಯಲ್ಲಿ ಕಚ್ಚಿಕೊಂಡೇ ನನ್ನ ಪರದೆ ನೋಡಿದರು.
ಆಮೇಲೆ ಅದನ್ನು ತೆಗೆದು,
‘ಇದು ಸೋರೂದಲ್ರೀ ಬಾಯಾರ.
ಇಂವಾ ಅಡಗಿಯಂವ.
ಮಧ್ಯಾನದ ಭಾಂಡೆ ಮುಗದಿರ್ತಾವು,
ರಾತ್ರಿ ಒಲಿ ಇನ್ನಾ ಹತ್ತಿರಂಗಿಲ್ಲ.
ಕೆಂಪು ಸಮುದ್ರದಾಗ ಅಡಗಿಮನಿ ಅಂದ್ರ
ನಿಮಗ ಹ್ಯಾಂಗ ಹೇಳ್ಲಿ.
ಬಾಗಲಾ ತಗದು ಮೀನಿನ ಜೋಡಿ ನಿಂದರ್ತಾನ,
ನಾಕ ನಿಮಿಷ.
ನಾನೂ ಒಬ್ಬಂವನ್ನ ನೋಡಿದ್ದೆ. ಯಾರಿಗೂ ಹೇಳಿದ್ದಿಲ್ಲ.’

ಥರ್ಮೋಸ್ಟ್ಯಾಟ್ ಬದಲಿಸಿ
ಎಂಟುನೂರು ತೊಗೊಂಡು ಇಳಿದುಹೋದರು.

ಆಮೇಲೆ ನಾನು ಮಾದರಿಯೊಳಗೆ
ಒಬ್ಬ ಮನುಷ್ಯನನ್ನು ನಿಲ್ಲಿಸಿದೆ.
ಮೂವತ್ತೇಳು ಡಿಗ್ರಿ. ನೂರಾ ಹತ್ತು ವ್ಯಾಟ್.
ಬೆವರಿನ ತೇವಕ್ಕೆ ಬೇರೆ ಲೆಕ್ಕ.
ಹೆಸರಿನ ಜಾಗದಲ್ಲಿ ಏನು ಹಾಕುವುದೋ ತಿಳಿಯದೆ
‘ಅಂವಾ’ ಎಂದೆ.
ಓಡಿಸಿದೆ.
ಗೆರೆ ಬಂದು ಗೆರೆಯ ಮೇಲೆ ಮಲಗಿತು,
ಮೊಣಕಾಲಿನ ಸಮೇತ.

ಗಿರಮಿಟ್ ತರಿಸಿ ಹಂಚಬೇಕಿತ್ತು.
ಆದರೆ ವರದಿಯಲ್ಲಿ ‘ಕಾರಣ’ ಎಂಬುದೊಂದು ಮನೆ ಇದೆ.
‘ಸಿಬ್ಬಂದಿ’ ಎಂದು ಬರೆದು ಅಳಿಸಿದೆ.
‘ಬಾಗಿಲು’ ಎಂದು ಬರೆದೆ, ಅದನ್ನೂ ಅಳಿಸಿದೆ.
ಕೊನೆಗೆ ಬರೆದದ್ದು:
ದಿನಕ್ಕೆ ನಾಲ್ಕು ನಿಮಿಷದ ಸಹಜ ಉಷ್ಣಭಾರ.
ಯಂತ್ರದ ಶಕ್ತಿ ಗೊತ್ತುಮಾಡುವಾಗ
ಇದನ್ನು ಸೇರಿಸಿಕೊಳ್ಳತಕ್ಕದ್ದು.

ಅಷ್ಟರಲ್ಲಿ ಕರೆಂಟು ಹೋಯಿತು. ಲೇತೂ ನಿಂತಿತು.
ನೀರಿನ ಬಾಟಲಿ ತೆಗೆಯಲು ಎದ್ದವಳು
ಫ್ರಿಜ್ಜಿನ ಬಾಗಿಲು ಮುಚ್ಚಲು ಮರೆತೆ ಅಂದುಕೊಳ್ಳಿ.
ಒಳಗಿನ ದೀಪ ಹತ್ತಿರಲಿಲ್ಲ.
ತಂಪು ಮಾತ್ರ ಇನ್ನೂ ಇತ್ತು.